ಕೃಷ್ಣ ಕೂತ ಹಲ್ಲು

ನವರಾತ್ರಿಯಲ್ಲಿ ನಮ್ಮ ಮನೆಗೆ ಗೊಂಬೆ ನೋಡಲು ಬಂದವರು ಪಟ್ಟದ ಗೊಂಬೆಗಳನ್ನು ನೋಡಿ, ದಶಾವತಾರವನ್ನು ನೋಡಿ, ಕೆಳಗಿನ ಮೆಟ್ಟಿಲಿಗೆ ಬಂದಾಗ ಸ್ವಲ್ಪ ನಿಲ್ಲುತ್ತಾರೆ. ಅಲ್ಲಿ ಬೆಣ್ಣೆ ಗಡಿಗೆ ಹಿಡಿದ ಬಾಲಕೃಷ್ಣ ಬಿಳಿಯ ಪೀಠವೊಂದರ ಮೇಲೆ ಕೂತಿದ್ದಾನೆ. ಪೀಠಕ್ಕೆ ಮೂರು ಕಾಲು. ಮೂರೂ ಒಂದೊಂದು ಕಡೆಗೆ ಸೊಟ್ಟ. ಮೇಲ್ಗಡೆ ನಾಲ್ಕು ಮೂಲೆಯಲ್ಲಿ ಸಣ್ಣ ಸಣ್ಣ ಉಬ್ಬು, ನಡುವೆ ತಗ್ಗು. ಆ ತಗ್ಗಿನಲ್ಲಿ ಕೃಷ್ಣ ಹೇಳಿ ಮಾಡಿಸಿದ ಹಾಗೆ ಕೂತಿರುತ್ತಾನೆ. ಇದು ಜಯಪುರದ ಕಲ್ಲೇ ಎಂದು ಕೇಳುತ್ತಾರೆ. ಅಲ್ಲ, ಮುಂಬಯಿಯದು ಎನ್ನುತ್ತೇನೆ. ಸುಳ್ಳೇನೂ ಅಲ್ಲವಲ್ಲ.

ಈ ವರ್ಷ ಎದುರು ಮನೆಗೆ ಹೊಸದಾಗಿ ಬಂದ ಹುಡುಗಿಯೊಬ್ಬಳು ಅಮ್ಮನ ಜೊತೆ ಕುಂಕುಮಕ್ಕೆ ಬಂದಿದ್ದಳು. ಹಲ್ಲಿನ ಡಾಕ್ಟರಿಕೆ ಓದುತ್ತಾಳಂತೆ. ಕೃಷ್ಣನನ್ನು ನೋಡಿದಳು, ಪೀಠವನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. ನಾನು ಕಣ್ಣು ಮಿಟುಕಿಸಿದೆ. ಜಾಣ ಹುಡುಗಿ, ಬಾಯಿ ಮುಚ್ಚಿಕೊಂಡು ಉಸಲಿ ತಿಂದಳು. ಅವಳಿಗೆ ಹೇಳದೆ ಕಳಿಸಿದ್ದನ್ನು ನಿಮಗೆ ಹೇಳುತ್ತೇನೆ. ಅದು ಹಲ್ಲು. ಮೇಲಿನ ದವಡೆಯ ಅಗಿಯುವ ಹಲ್ಲು, ಅಂಗೈಯಷ್ಟು ದೊಡ್ಡದಾಗಿ ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಕೆತ್ತಿದ್ದು. ಕೆತ್ತಿದವಳು ನಾನು. ದೇವರನ್ನು ಅದರ ಮೇಲೆ ಕೂರಿಸಿದವಳು ಮಾತ್ರ ನಾನಲ್ಲ.

ಐವತ್ತರ ದಶಕದ ಮಾತು. ಆಗ ನಮ್ಮ ಮೈಸೂರಿನ ಕಡೆ ಹಲ್ಲಿನ ಕಾಲೇಜು ಇರಲಿಲ್ಲ. ಓದಬೇಕೆಂದರೆ ಮುಂಬಯಿಗೆ ಹೋಗಬೇಕು. ನಮ್ಮಜ್ಜಿಯ ಲೆಕ್ಕದಲ್ಲಿ ಬೊಂಬಾಯಿ ಎಂದರೆ ಪರದೇಶ. ಬೇರೆ ರಾಜ್ಯ, ಬೇರೆ ಭಾಷೆ, ರೈಲು ಬದಲಾಯಿಸಿ ಬದಲಾಯಿಸಿ ತಲುಪುವ ಊರು. ಅದಕ್ಕೂ ಲಂಡನ್ನಿಗೂ ಅಜ್ಜಿ ಹೆಚ್ಚು ವ್ಯತ್ಯಾಸ ಮಾಡುತ್ತಿರಲಿಲ್ಲ. ನಾನು ಹೊರಟ ದಿನ ಪರದೇಶಕ್ಕೆ ಹೋಗುವ ಹುಡುಗಿ ಎಂದು ಅಳುತ್ತಲೇ ಹುಳಿಪುಡಿ, ಚಟ್ನಿಪುಡಿ, ಉಪ್ಪಿನಕಾಯಿ, ಸಾಲದ್ದಕ್ಕೆ ಒಂದು ಡಬ್ಬ ಸೀಗೆಪುಡಿಯನ್ನೂ ಕಟ್ಟಿಕೊಟ್ಟಳು. ಮುಂಬಯಿಯಲ್ಲಿ ಜನ ತಲೆಗೆ ಏನು ಹಾಕಿಕೊಳ್ಳುತ್ತಾರೋ ಯಾರಿಗೆ ಗೊತ್ತು ಎಂಬ ಯೋಚನೆ ಅವಳದು.

ಆದರೆ ದೂರಕ್ಕಿಂತ ಅವಳನ್ನು ಹೆಚ್ಚು ಬಾಧಿಸಿದ್ದು ನಾನು ಆರಿಸಿಕೊಂಡ ಓದು. ಡಾಕ್ಟರಾಗುತ್ತೇನೆ ಎಂದಿದ್ದರೆ ಅಜ್ಜಿ ಒಪ್ಪುತ್ತಿದ್ದಳೇನೋ. ನಾಡಿ ಹಿಡಿಯಬಹುದು, ಎದೆಗೆ ನಳಿಗೆ ಇಡಬಹುದು. ಹಲ್ಲು ಎಂದರೆ ಬಾಯಿ, ಬಾಯಿ ಎಂದರೆ ಎಂಜಲು. ಕುಡಿಯುವಾಗ ಲೋಟ ತುಟಿಗೆ ತಾಗಿದರೆ ಅದನ್ನು ಮತ್ತೆ ತೊಳೆಯದೆ ಒಳಗಿಡದ ಮನೆ ನಮ್ಮದು.

"ಕಂಡೋರ ಎಂಜಲಲ್ಲಿ ಕೈಯದ್ದೋ ಓದು ನಮ್ಮನೇಲಿ ಯಾರಿಗೇ ಬೇಕಿತ್ತು?" ಎಂದು ಅವಳು ಅಪ್ಪನ ಎದುರಿಗೇ ನನ್ನನ್ನು ಕೇಳಿದಳು.

ಅಮ್ಮನಿಗೆ ಚಿಕ್ಕ ವಯಸ್ಸಿನಲ್ಲೇ ಮುಂದಿನ ಹಲ್ಲುಗಳು ಹೋಗಿದ್ದವು. ತೋರಿಸಲು ಒಬ್ಬ ಡಾಕ್ಟರನಿದ್ದನಂತೆ, ಆದರೆ ಪರಪುರುಷ, ಅದರ ಮೇಲೆ ಎಂಜಲು. ಯಾರೂ ಕರೆದುಕೊಂಡು ಹೋಗಲಿಲ್ಲ. ನಗು ಬಂದಾಗಲೆಲ್ಲ ಅಮ್ಮನ ಸೆರಗು ತಾನಾಗಿ ಬಾಯಿಗೆ ಹೋಗುತ್ತಿತ್ತು. ಅವಳು ಬಾಯಿ ತುಂಬ ನಕ್ಕದ್ದನ್ನು ನಾನು ನೋಡಿರಲೇ ಇಲ್ಲ. ಅದು ನನಗೆ ಸಿಟ್ಟು ತರಿಸುತ್ತಿತ್ತು. ಯಾರ ಮೇಲಿನ ಸಿಟ್ಟು ಎಂದು ಗೊತ್ತಿಲ್ಲದೆ ಅದು ಹಾಗೇ ಗಟ್ಟಿಯಾಗುತ್ತ ಹೋಯಿತು. ಮುಂಬಯಿಯ ಟಿಕೆಟ್ಟನ್ನು ಕೊಡಿಸಿದವರು ಅಪ್ಪನಾದರೂ ನನ್ನನ್ನು ರೈಲು ಹತ್ತಿಸಿದ್ದು ಆ ಸಿಟ್ಟು.

ಅಪ್ಪ ಒಂದು ಷರತ್ತು ಹಾಕಿದ್ದರು. ನಾನು ಹಾಸ್ಟೆಲಿನಲ್ಲಿ ಇರುವಂತಿಲ್ಲ; ಮುಲುಂಡಿನಲ್ಲಿದ್ದ ಅವರ ತಂಗಿ ಪದ್ದತ್ತೆಯ ಮನೆಯಲ್ಲಿ ಇರಬೇಕು. ಪದ್ದು ಬೇಡ ಎಂದ ದಿನ ಗಂಟುಮೂಟೆ ಕಟ್ಟಿಕೊಂಡು ವಾಪಸು ಬರಬೇಕು, ಆಮೇಲೆ ಓದಿನ ಮಾತು ಎತ್ತಬಾರದು, ಏನಿದ್ದರೂ ಮದುವೆಯ ಮಾತೇ. ನಾನು ಹೂಂ ಎಂದೆ. ಮನಸ್ಸಿನಲ್ಲಿ ಮಾತ್ರ, ಪದ್ದತ್ತೆ ಬೇಡ ಎನ್ನದ ಹಾಗೆ ನೋಡಿಕೊಳ್ಳುತ್ತೇನೆ, ಹೇಗೆಂದು ಗೊತ್ತಿಲ್ಲ, ಆದರೆ ನೋಡಿಕೊಳ್ಳುತ್ತೇನೆ ಎಂದುಕೊಂಡೆ.

ಪದ್ದತ್ತೆಯ ಮನೆ ಸ್ಟೇಷನ್ನಿಗೆ ಹತ್ತಿರದ ಒಂದು ಬಿಲ್ಡಿಂಗಿನ ಮಾಳಿಗೆಯಲ್ಲಿತ್ತು. ಎರಡು ಕೋಣೆ, ಮುಂದೆ ಉದ್ದದ ಕಟಕಟೆಯ ಮೊಗಸಾಲೆ, ಅದರ ತುದಿಯಲ್ಲಿ ಎಲ್ಲರಿಗೂ ಸೇರಿ ಬಚ್ಚಲು. ಅತ್ತೆ, ಮಾವ ಇಬ್ಬರೇ, ಮಕ್ಕಳಿರಲಿಲ್ಲ. ಮಾವ ಊರಿನ ಆ ತುದಿಯ ಫೋರ್ಟಿನ ಕಡೆ ಒಂದು ಆಫೀಸಿನಲ್ಲಿ ಗುಮಾಸ್ತರು. ಮನೆಯಲ್ಲಿದ್ದಷ್ಟು ಹೊತ್ತೂ ಪೇಪರಿನ ಹಿಂದೆ ಇರುತ್ತಿದ್ದರು. ಆಗೊಮ್ಮೆ ಈಗೊಮ್ಮೆ ಅದರ ಹಿಂದಿನಿಂದ ಒಂದು ಮಾತು ಬರುತ್ತಿತ್ತು. ಅತ್ತೆ ಮದುವೆಯಾಗಿ ಮೈಸೂರು ಬಿಟ್ಟು ಎಷ್ಟೋ ವರ್ಷವಾಗಿತ್ತು. ತರಕಾರಿಯವರ ಹತ್ತಿರ ಮರಾಠಿಯಲ್ಲಿ ಜಗಳವಾಡಿ ಗೆಲ್ಲುತ್ತಿದ್ದರು, ಹಾಲಿನವನ ಹತ್ತಿರ ಹಿಂದಿ ಆಡುತ್ತಿದ್ದರು, ಆದರೆ ಮಡಿಯಲ್ಲಿ ಅವರು ಅಜ್ಜಿಯ ಮಗಳೇ. ಯಾವಾಗಲೂ ದವಡೆಯಲ್ಲಿ ಒಂದು ಲವಂಗ ಇಟ್ಟುಕೊಂಡಿರುತ್ತಿದ್ದರು. ಮಾತಾಡಿದರೆ ಲವಂಗದ ಘಮ. ಕೆಲವರಿಗೆ ಅಡಿಕೆಯ ಚಟ, ಇವರಿಗೆ ಲವಂಗದ್ದು ಎಂದು ನಾನು ತಿಳಿದಿದ್ದೆ.

ನಾನು ಬಂದ ಮೊದಲ ದಿನವೇ ಅತ್ತೆ ನಿಯಮ ಹೇಳಿದರು. ಕಾಲೇಜಿನಿಂದ ಬಂದವಳು ಹೊಸ್ತಿಲು ದಾಟುವಂತಿಲ್ಲ. ಮೊಗಸಾಲೆಯಿಂದಲೇ ನೇರ ಬಚ್ಚಲಿಗೆ. ಅಲ್ಲಿ ಬಕೆಟ್ಟಿನಲ್ಲಿ ನೀರು, ಗೂಟದ ಮೇಲೆ ಒಗೆದ ಸೀರೆ ತಯಾರಿರುತ್ತದೆ. ತಲೆಯ ಮೇಲೆ ನೀರು ಸುರಿದುಕೊಂಡು, ಉಟ್ಟದ್ದನ್ನು ನೆನೆಸಿ, ಆಮೇಲೆ ಒಳಗೆ. ಎರಡನೆಯ ವರ್ಷಕ್ಕೆ ಬಂದರೂ ನಾವಿನ್ನೂ ಯಾರ ಬಾಯಿಗೂ ಕೈ ಹಾಕುವುದಿಲ್ಲ, ಬರೀ ಪುಸ್ತಕ ಮತ್ತು ಪ್ಲಾಸ್ಟರು ಎಂದು ನಾನು ಎಷ್ಟು ಹೇಳಿದರೂ ಪ್ರಯೋಜನವಿಲ್ಲ. ಆ ಕಟ್ಟಡದಲ್ಲಿ ಹಾಕ್ತಾರಲ್ಲ, ಗಾಳಿ ಒಂದೇ ತಾನೆ ಎನ್ನುತ್ತಿದ್ದರು. ಮಳೆಗಾಲದಲ್ಲಿ ಸೀರೆ ಒಣಗದೆ ಒದ್ದೆಯ ವಾಸನೆಯಲ್ಲೇ ಉಟ್ಟುಕೊಂಡು ಹೋಗಿದ್ದೇನೆ. ಆಗಾಗ ನೆಗಡಿ. ಒಂದು ದಿನವೂ ಗೊಣಗಲಿಲ್ಲ. ಗೊಣಗಿದರೆ ಆ ಗೊಣಗು ಮೈಸೂರಿನವರೆಗೂ ಕೇಳಿಸುತ್ತದೆ ಎಂದು ನನಗೆ ಗೊತ್ತಿತ್ತು.

ಸ್ನಾನದ ಆ ಕಡೆ ಇದ್ದ ಮುಂಬಯಿ ಮಾತ್ರ ನನ್ನದು. ಬೆಳಿಗ್ಗೆ ಲೋಕಲ್ ರೈಲಿನ ಹೆಂಗಸರ ಡಬ್ಬಿ ಹತ್ತಿದರೆ ಬೈಕುಲ್ಲಾ. ಇಳಿಯುವ ಸ್ಟೇಷನ್ನಿಗೆ ಬಹಳ ಮುಂಚೆಯೇ ಎದ್ದು ಬಾಗಿಲ ಹತ್ತಿರ ಸರಿಯುವುದನ್ನು ಕಲಿತೆ. ಆ ಚಟ ಈಗಲೂ ಬಿಟ್ಟಿಲ್ಲ. ಇಲ್ಲಿನ ಸಿಟಿ ಬಸ್ಸಿನಲ್ಲಿ ನಾನು ಅಷ್ಟು ಮುಂಚೆ ಏಳುವುದನ್ನು ನೋಡಿ ಕಂಡಕ್ಟರು ಪಾಪ ಎಂದು ಕೈಹಿಡಿಯಲು ಬರುತ್ತಾನೆ. ಬೈಕುಲ್ಲಾದ ಮಾರ್ಕೆಟ್ಟಿನ ಗಲಾಟೆ ದಾಟಿ, ತಗಡು ಬಡಿಯುವ ಅಂಗಡಿಗಳನ್ನು ದಾಟಿ ಕಾಲೇಜು. ದಾರಿಯಲ್ಲಿ ಒಂದು ಉಡುಪಿ ಹೋಟೆಲು. ಕನ್ನಡ ಕೇಳಬೇಕೆನಿಸಿದಾಗ ಅಲ್ಲಿ ಕಾಫಿಗೆ ನುಗ್ಗುತ್ತಿದ್ದೆ. ಗಲ್ಲಾದ ಮೇಲೆ ಕೂರುತ್ತಿದ್ದ ಭಟ್ಟರು ನನ್ನ ಕನ್ನಡ ಕೇಳಿ ನಗುವರು, ನಾನು ಅವರದನ್ನು ಕೇಳಿ ನಗುವೆನು. "ಎಂತ ಮಾರಾಯ್ತಿ, ಹಲ್ಲು ಕೀಳ್ಲಿಕ್ಕೆ ಮೈಸೂರಿಂದ ಇಷ್ಟು ದೂರ ಬರ್ಬೇಕಾ?" ಎಂದು ಅವರು ಒಮ್ಮೆ ಕೇಳಿದ್ದರು. ಕೇಳುತ್ತಲೇ ತಮ್ಮ ಬಾಯಿ ಮುಚ್ಚಿಕೊಂಡದ್ದನ್ನು ನಾನು ಗಮನಿಸಿದೆ. ನನ್ನ ಮುಂದೆ ಎಲ್ಲರೂ ಹಾಗೇ. ಮಾತಾಡುವವರ ಕಣ್ಣು ನೋಡುವ ಬದಲು ಹಲ್ಲು ನೋಡುವ ಅಭ್ಯಾಸ ನನಗೆ ಅಷ್ಟರಲ್ಲಾಗಲೇ ಅಂಟಿತ್ತು. ಹೆಸರು ಮರೆಯುತ್ತಿದ್ದೆ, ಮುಖ ಮರೆಯುತ್ತಿದ್ದೆ, ಯಾರ ಯಾವ ಹಲ್ಲು ಸೊಟ್ಟ ಎಂಬುದು ಮಾತ್ರ ನೆನಪಿರುತ್ತಿತ್ತು.

ಕಾಲೇಜಿನಲ್ಲಿ ನನ್ನ ಜೊತೆಗಾತಿ ರೋಶನ್, ಪಾರ್ಸಿ ಹುಡುಗಿ. ಅವಳ ಮನೆ ಅಲ್ಲೇ ಹತ್ತಿರ. ಮಧ್ಯಾಹ್ನ ಇಬ್ಬರೂ ಊಟದ ಡಬ್ಬಿ ಹಿಡಿದು ರಾಣಿಬಾಗಿನ ಮೃಗಾಲಯಕ್ಕೆ ಹೋಗಿ ಸಿಂಹದ ಬೋನಿನ ಮುಂದೆ ಕೂರುತ್ತಿದ್ದೆವು. ಬೇರೆಯವರೆಲ್ಲ ಸಿಂಹ ಗರ್ಜಿಸಲಿ ಎಂದು ಕಾದರೆ ನಾವು ಅದು ಆಕಳಿಸಲಿ ಎಂದು ಕಾಯುತ್ತಿದ್ದೆವು. ಆಕಳಿಸಿದರೆ ಕೋರೆಹಲ್ಲು ಪೂರ್ತಿ ಕಾಣುತ್ತದೆ. ಎದ್ದು ಬೋನಿನ ಹತ್ತಿರ ಓಡುತ್ತಿದ್ದೆವು. ಕಾವಲುಗಾರ ನಮ್ಮನ್ನು ಏನೆಂದುಕೊಂಡಿದ್ದನೋ.

ಆ ವರ್ಷ ನವರಾತ್ರಿಗೆ ಮುಂಚೆ ನಮಗೆ ಒಂದು ಕೆಲಸ ಕೊಟ್ಟಿದ್ದರು. ಪ್ಲಾಸ್ಟರಿನ ಗಟ್ಟಿಯಲ್ಲಿ ಮೇಲಿನ ದವಡೆಯ ಹಲ್ಲನ್ನು ದೊಡ್ಡದಾಗಿ ಕೆತ್ತಿ, ಉಜ್ಜಿ, ಹೊಳಪು ಬರಿಸಿ ಪಂಚಮಿಯ ದಿನ ಪ್ರೊಫೆಸರರ ಮುಂದೆ ಇಡಬೇಕು. ಚೆನ್ನಾಗಿಲ್ಲದಿದ್ದರೆ ಮುಂದಿನ ವರ್ಷದ ಕ್ಲಾಸಿಗೆ ಹೋಗುವಂತಿಲ್ಲ. ನಾನು ಜೀವ ಬಿಟ್ಟು ಕೆತ್ತಿದೆ. ಸಾಬೂನಿನ ನೀರು ಬಳಿದು, ಮುಖಕ್ಕೆ ಹಚ್ಚುವ ಪೌಡರಿನಿಂದ ತಿಕ್ಕಿ ತಿಕ್ಕಿ, ಕೊನೆಗೆ ಅದು ಅಮೃತಶಿಲೆಯ ಹಾಗೆ ಹೊಳೆಯಿತು. ಒಣಗಲಿ ಎಂದು ಮನೆಗೆ ತಂದು, ನನ್ನ ಪುಸ್ತಕದ ಪೆಟ್ಟಿಗೆಯ ಪಕ್ಕ, ಬಟ್ಟೆಯೊಂದನ್ನು ಮುಚ್ಚಿ ಇಟ್ಟೆ. ಅತ್ತೆಗೆ ಏನೂ ಹೇಳಲಿಲ್ಲ. ಹಲ್ಲು ಎಂಬ ಶಬ್ದವನ್ನು ಆ ಮನೆಯಲ್ಲಿ ಆದಷ್ಟು ಕಡಿಮೆ ಬಳಸುತ್ತಿದ್ದೆ.

ಪಾಡ್ಯ ಭಾನುವಾರ ಬಂತು. ಅದೇ ದಿನ ನಮ್ಮ ಕ್ಲಾಸಿನವರು ಗೋರೆಗಾಂವಿನ ಹಾಲಿನ ಕಾಲೊನಿಗೆ ಪಿಕ್ನಿಕ್ ಹೊರಟಿದ್ದರು. ಹಬ್ಬದ ದಿನ ಮನೆಯಲ್ಲಿರಬೇಕೆಂದು ಅತ್ತೆ ಹೇಳಿದರು. ಮಾವ ಪೇಪರಿನ ಹಿಂದಿನಿಂದ, ಹೋಗಲಿ ಬಿಡೇ, ಹಸು ನೋಡೋಕೆ ಹೋಗ್ತಾಳೆ, ಪುಣ್ಯ ತಾನೆ ಎಂದರು. ಹೀಗೆ ದಾದರಿನಲ್ಲಿ ಗಾಡಿ ಬದಲಾಯಿಸಿ ಗೋರೆಗಾಂವಿಗೆ ಹೋದೆ. ಅಲ್ಲಿನ ಗುಡ್ಡ, ಹಸಿರು, ಸಾಲು ಸಾಲು ಎಮ್ಮೆಗಳನ್ನು ನೋಡಿ ಮುಂಬಯಿ ಎಂದರೆ ಇದೂ ಇದೆಯೇ ಎಂದು ಆಶ್ಚರ್ಯವಾಯಿತು. ಅಲ್ಲಿನ ತಣ್ಣನೆಯ ಹಾಲು ಕುಡಿದೆವು, ಹುಲ್ಲಿನ ಮೇಲೆ ಉರುಳಿದೆವು. ರೋಶನ್ ಒಂದು ಎಮ್ಮೆಗೆ ಮೇಲಿನ ಮುಂದಿನ ಹಲ್ಲೇ ಇಲ್ಲ ಎಂದು ಕಂಡುಹಿಡಿದು ಎಲ್ಲರನ್ನೂ ಕರೆದಳು. ಅಷ್ಟು ಖುಷಿಯ ದಿನ ಆ ವರ್ಷದಲ್ಲಿ ಇನ್ನೊಂದಿರಲಿಲ್ಲ.

ಸಂಜೆ ವಾಪಸು ಬಂದು, ಸ್ನಾನ ಮಾಡಿ, ಒಳಗೆ ಕಾಲಿಟ್ಟರೆ ಗೊಂಬೆ ಕೂರಿಸಿಯಾಗಿತ್ತು. ಪೆಟ್ಟಿಗೆ, ಡಬ್ಬ ಜೋಡಿಸಿ ಬಿಳಿ ಪಂಚೆ ಹಾಸಿದ ಮೆಟ್ಟಿಲುಗಳು. ಮೇಲೆ ಅತ್ತೆಯ ತವರಿನ ಪಟ್ಟದ ಗೊಂಬೆಗಳು, ಕೆಳಗೆ ಮುಂಬಯಿಯಲ್ಲಿ ಕೊಂಡ ತಗಡಿನ ರೈಲು, ಬುಟ್ಟಿ ಹೊತ್ತ ಮೀನುಗಾರ ಗಂಡಹೆಂಡತಿ. ನಡುವೆ ಬಾಲಕೃಷ್ಣ. ಅವನು ನನ್ನ ಹಲ್ಲಿನ ಮೇಲೆ ಕೂತಿದ್ದ.

ಅವನ ಮರದ ಪೀಠಕ್ಕೆ ಹುಳ ಹಿಡಿದು ಪುಡಿಯಾಗಿತ್ತಂತೆ. ಹಬ್ಬದ ದಿನ ದೇವರನ್ನು ನೆಲಕ್ಕೆ ಕೂರಿಸುವುದು ಹೇಗೆಂದು ಅತ್ತೆ ಒದ್ದಾಡುತ್ತಿದ್ದಾಗ ಬಟ್ಟೆಯ ಕೆಳಗೆ ಇದು ಸಿಕ್ಕಿತು. ಹಬ್ಬಕ್ಕೆಂದು ನಾನೇ ಗುಟ್ಟಾಗಿ ತಂದಿದ್ದೇನೆ ಎಂದು ಅವರು ನಂಬಿಬಿಟ್ಟಿದ್ದರು. ನನ್ನನ್ನು ಹತ್ತಿರ ಕರೆದು ತಲೆ ಸವರಿದರು. ನಾನು ಈ ಮನೆಗೆ ಬಂದ ಮೇಲೆ ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ಎಷ್ಟು ನಯವಾಗಿದೆಯೇ. ಅವನಿಗೆ ಅಂತಲೇ ಮಾಡಿದ ಹಾಗಿದೆ," ಎಂದರು.

ನನ್ನ ಪಾಡು ನೋಡಿ. ಹಲ್ಲು ಪಂಚಮಿಗೆ ಪ್ರೊಫೆಸರರ ಮುಂದೆ ಇರಬೇಕು. ಒಮ್ಮೆ ಕೂರಿಸಿದ ಗೊಂಬೆಯನ್ನು ವಿಜಯದಶಮಿಯ ಆರತಿಯವರೆಗೆ ಅಲುಗಿಸುವಂತಿಲ್ಲ. ಅದು ಏನೆಂದು ಹೇಳಿದರೆ ದೇವರನ್ನು ಹಲ್ಲಿನ ಮೇಲೆ ಕೂರಿಸಿದ ಪಾಪ ಅತ್ತೆಯ ತಲೆಗೆ, ಮೈಸೂರಿನ ಟಿಕೆಟ್ಟು ನನ್ನ ಕೈಗೆ. ಹೇಳದಿದ್ದರೆ ಓದು ಅಲ್ಲಿಗೇ ನಿಲ್ಲುತ್ತದೆ. ಊಟಕ್ಕೆ ಕೂತಾಗ ಅತ್ತೆ ಹೋಳಿಗೆ ಬಡಿಸಿದರು. ಹೋಳಿಗೆ ಮುಗಿಯುವುದರೊಳಗೆ ತೀರ್ಮಾನವಾಗಿತ್ತು. ಇನ್ನೊಂದು ಹಲ್ಲು ಕೆತ್ತುತ್ತೇನೆ.

ಎಲ್ಲಿ ಕೆತ್ತುವುದು? ಮನೆಯಲ್ಲಿ ಆಗದು, ಕಾಲೇಜಿನಲ್ಲಿ ದಿನವಿಡೀ ಕ್ಲಾಸು. ಉಳಿದದ್ದು ಲೋಕಲ್ಲು. ರೋಶನ್ ನನಗಾಗಿ ಪ್ಲಾಸ್ಟರು ಕಲಸಿ ಗಟ್ಟಿ ಹಾಕಿಕೊಟ್ಟಳು; ಮೊದಲನೆಯದು ಮನೆಯಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದಷ್ಟೇ ಅವಳಿಗೆ ಹೇಳಿದ್ದೆ, ಯಾರ ಕೆಳಗೆ ಎಂದು ಹೇಳಿರಲಿಲ್ಲ. ಮುಲುಂಡಿನಿಂದ ಬೈಕುಲ್ಲಾ, ಬೈಕುಲ್ಲಾದಿಂದ ಮುಲುಂಡ್, ಹೆಂಗಸರ ಡಬ್ಬಿಯ ಮೂಲೆಯಲ್ಲಿ ಮಡಿಲಿಗೆ ಪೇಪರು ಹಾಸಿಕೊಂಡು ಚಾಕುವಿನಿಂದ ಕೆರೆದೆ. ಗಾಡಿ ಜಗ್ಗಿದಾಗ ಚಾಕು ನಿಲ್ಲಿಸುವುದು, ಸ್ಟೇಷನ್ನು ಬಂದಾಗ ವೇಗವಾಗಿ ಕೆತ್ತುವುದು. ನನ್ನ ಸೀರೆ, ರೆಪ್ಪೆ, ಹುಬ್ಬು ಎಲ್ಲ ಬಿಳಿ. ದಿನಾ ಅದೇ ಡಬ್ಬಿಯಲ್ಲಿ ಬರುತ್ತಿದ್ದ ತರಕಾರಿ ಮಾರುವ ಮರಾಠಿ ಹೆಂಗಸೊಬ್ಬಳು ಬುಟ್ಟಿಯ ಮೇಲೆ ಕೂತು ನೋಡುತ್ತಿದ್ದಳು. ಎರಡನೆಯ ದಿನ ತಡೆಯಲಾರದೆ, "ದೇವಾಚಾ ಪಾಟ್ ಕಾಯ್?" ಎಂದು ಕೇಳಿದಳು. ದೇವರ ಪೀಠವೇ ಎಂದು. ಅತ್ತೆಯನ್ನು ನಾನು ಮನಸ್ಸಿನಲ್ಲೇ ಕ್ಷಮಿಸಿದ್ದು ಆಗ. ಹೂಂ ಎಂದೆ. ಅಂದಿನಿಂದ ಡಬ್ಬಿಯವರೆಲ್ಲ ನನ್ನ ಮೊಣಕೈಗೆ ಜಾಗ ಬಿಟ್ಟರು, ಕಾಲು ಇನ್ನಷ್ಟು ಸಣ್ಣ ಮಾಡು ಎಂದು ಸಲಹೆ ಕೊಟ್ಟರು. ಸಲಹೆ ಕೇಳಿದ್ದರೆ ಫೇಲಾಗುತ್ತಿದ್ದೆ. ಪಂಚಮಿಯ ದಿನ ಪ್ರೊಫೆಸರರು ಆ ಹಲ್ಲನ್ನು ತಿರುಗಿಸಿ ತಿರುಗಿಸಿ ನೋಡಿ, ಕೆತ್ತನೆ ಸ್ವಲ್ಪ ಒರಟು, ಆದರೆ ಹಲ್ಲೇ ಎಂದರು. ನನಗೆ ಅಷ್ಟು ಸಾಕಾಗಿತ್ತು.

ಗೆದ್ದೆ ಎಂದುಕೊಂಡೆ. ಇನ್ನು ದಶಮಿಯವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಸಾಕು.

ಅಷ್ಟಮಿಯ ಸಂಜೆ ಅತ್ತೆಯೇ ನಿನ್ನ ಸ್ನೇಹಿತೆಯನ್ನು ಕುಂಕುಮಕ್ಕೆ ಕರೆ ಎಂದಿದ್ದರು. ಪೀಠ ಬಂದ ಮೇಲೆ ಅವರು ನನ್ನ ಮೇಲೆ ಅಷ್ಟು ಪ್ರಸನ್ನರಾಗಿದ್ದರು. ರೋಶನ್ ಮಲ್ಲಿಗೆ ಹೂ ತಂದಳು, ಚಾಪೆಯ ಮೇಲೆ ನೆಟ್ಟಗೆ ಕೂತಳು, ಹಣೆ ಒಡ್ಡಿ ಕುಂಕುಮ ಇಡಿಸಿಕೊಂಡಳು. ಕೋಣೆಯ ತುಂಬ ಬಿಲ್ಡಿಂಗಿನ ಹೆಂಗಸರು. ಆಮೇಲೆ ಅವಳ ಕಣ್ಣು ಕೃಷ್ಣನ ಮೇಲೆ ಬಿತ್ತು. ನಾನು ತಲೆಯಾಡಿಸುವುದರೊಳಗೆ ಮಾತು ಹೊರಬಂದಿತ್ತು.

"ಅರೇ ಜಾನಕಿ, ಯೇ ತೋ ತೇರಾ ದಾಂತ್ ಹೈ."

ದಾಂತ್ ಎಂದರೆ ಹಲ್ಲು ಎಂದು ಆ ಕೋಣೆಯಲ್ಲಿ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಅತ್ತೆಯ ಕೈಯಲ್ಲಿದ್ದ ಅರಿಶಿನದ ಬಟ್ಟಲು ಅರ್ಧದಲ್ಲೇ ನಿಂತಿತು. ಆದರೂ ಅವರು ಬಂದವರಿಗೆಲ್ಲ ತಾಂಬೂಲ ಕೊಟ್ಟರು, ರೋಶನ್‌ಗೂ ಕೊಟ್ಟರು, ಬಾಗಿಲವರೆಗೆ ಬಂದು ಕಳಿಸಿದರು. ಆಮೇಲೆ ಬಂದು ಗೊಂಬೆಗಳ ಮುಂದೆ ಕೂತು ಕೇಳಿದರು.

"ಜಾನೂ, ಅದು ಹಲ್ಲಾ?"

"ಹೌದು ಅತ್ತೆ."

"ಯಾರದ್ದು?"

"ಯಾರದ್ದೂ ಅಲ್ಲ. ಪ್ಲಾಸ್ಟರಿನಲ್ಲಿ ನಾನೇ ಕೆತ್ತಿದ್ದು. ಯಾರ ಬಾಯಿಗೂ ಹೋಗಿ ಬಂದದ್ದಲ್ಲ."

ಹಾಗಾದರೆ ಎಂಜಲಿಲ್ಲವಲ್ಲ ಪದ್ದು, ಎಂದರು ಮಾವ ಪೇಪರಿನ ಹಿಂದಿನಿಂದ. ಅತ್ತೆ ಆ ಕಡೆ ನೋಡಿದ ನೋಟಕ್ಕೆ ಪೇಪರು ಇನ್ನೊಂದಿಷ್ಟು ಮೇಲೆ ಹೋಯಿತು. ಅತ್ತೆಗೆ ಕೋಪಕ್ಕಿಂತ ಅವಮಾನ ಹೆಚ್ಚಾಗಿತ್ತು ಎಂದು ಈಗ ಅನಿಸುತ್ತದೆ. ಬಿಲ್ಡಿಂಗಿನವರೆಲ್ಲ ಆ ಪೀಠಕ್ಕೂ ಸೇರಿಸಿ ಕೈಮುಗಿದು ಹೋಗಿದ್ದರು.

"ದಶಮಿ ತನಕ ತೆಗೆಯೋ ಹಾಗಿಲ್ಲ, ಇರಲಿ," ಎಂದರು ಅತ್ತೆ. "ಹಬ್ಬ ಮುಗೀಲಿ, ನಿಮ್ಮಪ್ಪನ್ನ ಬರೋಕೆ ಹೇಳ್ತೀನಿ. ನಿನ್ನನ್ನ ಇಟ್ಕೊಳ್ಳೋದು ನನ್ನ ಕೈಲಿ ಆಗೋದಲ್ಲ."

ನನಗೆ ಅಳು ಬರಬೇಕಿತ್ತು. ಬಂದದ್ದು ಹಟ. ಅಮ್ಮನ ಸೆರಗು ಕಣ್ಣ ಮುಂದೆ ಬಂತು.

"ಇಲ್ಲಿ ಜಾಗ ಇಲ್ಲ ಅಂದ್ರೆ ಬೇರೆ ಕಡೆ ಹುಡುಕ್ಕೋತೀನಿ ಅತ್ತೆ. ಅಪ್ಪ ಬಂದ್ರೆ ಅವರಿಗೂ ಇದನ್ನೇ ಹೇಳ್ತೀನಿ. ಓದು ಮಾತ್ರ ಬಿಡಲ್ಲ."

ಹಿರಿಯರಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ಅತ್ತೆ ಎದ್ದು ಅಡುಗೆಮನೆಗೆ ಹೋಗಿ ಲವಂಗದ ಡಬ್ಬಿ ತೆಗೆದ ಸದ್ದು ಕೇಳಿಸಿತು.

ಮಾರನೆಯ ದಿನ ಆಯುಧಪೂಜೆ. ಮಾವ ತಮ್ಮ ಪೆನ್ನು, ಕೊಡೆ, ಲೋಕಲ್ಲಿನ ಪಾಸನ್ನು ಗೊಂಬೆಗಳ ಮುಂದೆ ಇಟ್ಟರು. ಪಾಸು ಯಾವ ಆಯುಧ ಎಂದು ಅತ್ತೆ ಕೇಳಲಿಲ್ಲ. ಹೋದ ವರ್ಷ ಕೇಳಿದ್ದರು. ನಾನು ನನ್ನ ಕೆತ್ತುವ ಚಾಕುವನ್ನೂ, ಬಾಯೊಳಗೆ ನೋಡುವ ಪುಟ್ಟ ಕನ್ನಡಿಯನ್ನೂ ತಂದು ಅವುಗಳ ಪಕ್ಕದಲ್ಲಿಟ್ಟೆ. ಹೇಗೂ ಹೋಗುವವಳು, ಹೆದರಿಕೆ ಏಕೆ? ಅತ್ತೆ ಪೆನ್ನಿಗೆ ಕುಂಕುಮ ಇಟ್ಟರು, ಕೊಡೆಗೆ ಇಟ್ಟರು, ಪಾಸಿಗೆ ಇಟ್ಟರು. ನನ್ನ ಕನ್ನಡಿಯ ಹತ್ತಿರ ಬಂದಾಗ ಬೆರಳು ತಡೆಯಿತು. ಆಮೇಲೆ ಅದಕ್ಕೂ ಇಟ್ಟರು.

ಬಗ್ಗಿದಾಗ ಅವರ ಸೆರಗು ಜಾರಿತು. ಎಡಗೆನ್ನೆ ಊದಿತ್ತು. ತಟ್ಟನೆ ಸೆರಗೆಳೆದುಕೊಂಡರು, ಅಮ್ಮ ಎಳೆದುಕೊಳ್ಳುತ್ತಿದ್ದ ಹಾಗೆಯೇ. ಅಷ್ಟು ದಿನದ ಲವಂಗ ನನಗೆ ಆಗ ಅರ್ಥವಾಯಿತು. ರಾಣಿಬಾಗಿನ ಸಿಂಹದ ಬಾಯಿಗೂ ಗೋರೆಗಾಂವಿನ ಎಮ್ಮೆಯ ಬಾಯಿಗೂ ಇಣುಕಿ ಬಂದ ಮಹಾ ವಿದ್ಯಾರ್ಥಿನಿ, ದಿನಾ ನನಗೆ ಅನ್ನ ಬಡಿಸುವವರು ಒಂದೇ ಕಡೆಯಲ್ಲಿ ಅಗಿಯುತ್ತಾರೆ ಎಂಬುದನ್ನು ನೋಡಿರಲಿಲ್ಲ. ಅವರ ಮೇಲಿದ್ದ ಕೋಪ ನನಗೆ ಮತ್ತೆ ಹುಡುಕಿದರೂ ಸಿಗಲಿಲ್ಲ.

ದಶಮಿಯ ಸಂಜೆ ಆರತಿ ಎತ್ತಿ ಪಟ್ಟದ ಗೊಂಬೆಯನ್ನು ಮಲಗಿಸಿದರು. ಅಷ್ಟಾದರೆ ಹಬ್ಬ ಮುಗಿದ ಹಾಗೆ. ಮಾವ ಹೊರಗೆ ಹೋಗಿದ್ದರು. ಅತ್ತೆ ಗೊಂಬೆಯ ಕಡೆಗೇ ತಿರುಗಿಕೊಂಡು, ನಾಳೆ ಬೆಳಗಿನ ಗಾಡಿಗೆ ನಾನೂ ಬರುತ್ತೇನೆ ಎಂದರು. ಅಪ್ಪನಿಗೆ ತಂತಿ ಕೊಡಲು ಹೊರಟಿದ್ದಾರೆ ಎಂದುಕೊಂಡೆ. ಎಲ್ಲಿಗೆ ಎಂದು ಕೇಳಿದೆ.

"ನಿನ್ನ ಕಾಲೇಜಿಗೆ. ಅಲ್ಲಿ ಹೆಂಗಸು ಡಾಕ್ಟರು ಇದಾರಾ?" ಎಂದರು. ಇದ್ದಾರೆ ಎಂದೆ. "ಹಾಗಾದ್ರೆ ನಾಳೇನೇ ಆಗಿಬಿಡಲಿ. ಹೇಗೂ ಏಕಾದಶಿ, ಊಟ ಇಲ್ಲ."

ಬರಿಹೊಟ್ಟೆಯಲ್ಲಿ ಹಲ್ಲು ಕೀಳಬಾರದು ಎಂದು ಬೆಳಿಗ್ಗೆ ಅವರಿಗೆ ಒಂದು ಲೋಟ ಹಾಲು, ಬಾಳೆಹಣ್ಣು ಕೊಡುವುದರಲ್ಲಿ ನನಗೆ ಸಾಕುಬೇಕಾಯಿತು. ಹಾಲು ಹಣ್ಣು ಉಪವಾಸಕ್ಕೆ ನಡೆಯುತ್ತದೆ ಎಂದು ಅವರಿಗೇ ಅವರ ಶಾಸ್ತ್ರ ಹೇಳಿದೆ. ಡಬ್ಬಿಯಲ್ಲಿ ಸೀರೆ ಮುದುರಿಕೊಂಡು, ಯಾರಿಗೂ ತಾಗದಂತೆ ಮೂಲೆಯಲ್ಲಿ ಕೂತರು. ಆ ತರಕಾರಿಯ ಹೆಂಗಸು ಎದುರಿಗೇ ಇದ್ದಳು. ನನ್ನನ್ನು ಕಂಡು, ದೇವರ ಪೀಠ ಮುಗಿಯಿತೇ ಎಂದು ವಿಚಾರಿಸಿದಳು. ನಾನು ತಲೆ ತಗ್ಗಿಸಿದೆ. ಅತ್ತೆ ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿದರು. ಡಬ್ಬಿಯವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು, ಕೆತ್ತುವಾಗ ಗಾಡಿ ಜಗ್ಗಿದ್ದು, ನಾನು ಬಿಳಿ ಹುಬ್ಬಿನಲ್ಲಿ ಇಳಿದು ಓಡಿದ್ದು ಎಲ್ಲವನ್ನೂ ಅವರಿಗೆ ವರದಿ ಮಾಡಿದರು. ಇನ್ನೊಂದು ಹಲ್ಲು ಏಕೆ ಬೇಕಾಯಿತು ಎಂದು ಅತ್ತೆಗೆ ಬಿಡಿಸಿ ಹೇಳಬೇಕಾಗಲಿಲ್ಲ. ಗೊಂಬೆ ಅಲುಗಿಸದೆ ಇರಲು ನಾನು ಏನು ಮಾಡಿದ್ದೆ ಎಂಬುದು ಅವರಿಗೆ ತಿಳಿಯಿತು. ಊದಿದ ಕೆನ್ನೆಗೆ ಕೈಯೊತ್ತಿ ಹಿಡಿದುಕೊಂಡೇ, "ಝಾಲಾ. ದೇವ್ ಬಸ್ಲಾ," ಎಂದರು. ಆಯಿತು, ದೇವರು ಕೂತ.

ಕುರ್ಚಿಯಲ್ಲಿ ಕೂತಾಗ ಮಾತ್ರ ಅತ್ತೆ ಚಿಕ್ಕ ಹುಡುಗಿಯಂತಾದರು. ಡಾಕ್ಟರಮ್ಮ ಸೂಜಿ ಚುಚ್ಚಿದರು, ಸ್ವಲ್ಪ ಹೊತ್ತಿನಲ್ಲೇ ಹಲ್ಲು ಬಂತು. ನನ್ನ ಕೆಲಸ ಬೋಗುಣಿ ಹಿಡಿಯುವುದು. ಬಾಯಿ ತುಂಬ ರಕ್ತ, ಜೊಲ್ಲು, ಉಗುಳಲೇಬೇಕು. ಅತ್ತೆ ತುಟಿ ಬಿಗಿ ಹಿಡಿದು ಬೋಗುಣಿಯನ್ನು ದೂರ ತಳ್ಳಿದರು. ಮರಗಟ್ಟಿದ ನಾಲಿಗೆಯಲ್ಲಿ ಅಸ್ಪಷ್ಟವಾಗಿ, "ನೀನು ಹಿಡೀಬೇಡ್ವೇ. ಎಂಜಲು," ಎಂದರು.

"ಇದೇ ಅತ್ತೆ ನನ್ನ ಓದು," ಎಂದೆ. "ಉಗೀರಿ."

ಉಗಿದರು. ಒಂದಿಷ್ಟು ನನ್ನ ಕೈಮೇಲೂ ಬಿತ್ತು. ಅತ್ತೆ ಅದನ್ನು ನೋಡಿದರು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ನೋವಿನದೋ ನಾಚಿಕೆಯದೋ ಹೇಳಲಾರೆ. ಬೇರೆಯವರು ಬಟ್ಟೆ ತರುವುದರೊಳಗೆ ತಮ್ಮ ಸೆರಗಿನ ತುದಿಯಿಂದ ನನ್ನ ಕೈಯನ್ನು ಬೆರಳು ಬೆರಳಾಗಿ ಒರೆಸಿದರು.

ವಾಪಸು ಬರುವಾಗ ಬಾಯಲ್ಲಿ ಹತ್ತಿ, ಮಾತಿಲ್ಲ. ಮನೆ ತಲುಪಿದಾಗ ಇಬ್ಬರೂ ಹೊಸ್ತಿಲ ಹೊರಗೆ ನಿಂತೆವು. ಮೊದಲು ಅವರ ಸ್ನಾನ, ಆಮೇಲೆ ನನ್ನದು. ಮಾವ ಬಾಗಿಲು ತೆಗೆದು, ಇವತ್ತು ಬಚ್ಚಲಿಗೂ ಕ್ಯೂ ಎಂದರು. ಆ ಸ್ನಾನದ ನಿಯಮ ಆ ದಿನಕ್ಕೆ ಮುಗಿಯಿತು ಎಂದು ನೀವು ಊಹಿಸಿದರೆ ಪದ್ದತ್ತೆಯನ್ನು ನೀವು ಅರಿತಿಲ್ಲ. ನಾನು ಮುಂಬಯಿ ಬಿಡುವ ದಿನದವರೆಗೂ ಬಕೆಟ್ಟು ತಪ್ಪಲಿಲ್ಲ. ನೀರು ಮಾತ್ರ ಅಂದಿನಿಂದ ಬಿಸಿಯಾಗಿರುತ್ತಿತ್ತು.

ದ್ವಾದಶಿಯ ದಿನ ಪಾರಣೆ ಮುಗಿಸಿ ಗೊಂಬೆಗಳನ್ನು ಇಳಿಸಿದೆವು. ಒಂದೊಂದನ್ನೂ ಹಳೆಯ ಸೀರೆಯ ಚೂರಿನಲ್ಲಿ ಸುತ್ತಿ ಟ್ರಂಕಿಗೆ ಇಡುವುದು. ಅಪ್ಪನ ಮಾತು ಇನ್ನೂ ಯಾರೂ ಎತ್ತಿರಲಿಲ್ಲ. ಎತ್ತುವುದಾದರೆ ಈಗಲೇ ಎಂದು ನಾನು ಕಾಯುತ್ತಿದ್ದೆ. ಕೃಷ್ಣನನ್ನು ಸುತ್ತಿಯಾಯಿತು. ಬರೀ ಹಲ್ಲು ಉಳಿಯಿತು, ಮೂರು ಕಾಲಿನ ಮೇಲೆ ನಿಂತು. ನನ್ನದಲ್ಲವೇ ಎಂದು ಅದನ್ನು ನನ್ನ ಪುಸ್ತಕದ ಪೆಟ್ಟಿಗೆಯ ಕಡೆ ಒಯ್ಯಲು ಹೋದೆ.

"ಅದೆಲ್ಲಿಗೆ ಹೊತ್ಕೊಂಡು ಹೋಗ್ತೀಯ?" ಎಂದರು ಅತ್ತೆ. ಊತ ಇಳಿದಿತ್ತು, ಮಾತು ನೆಟ್ಟಗಾಗಿತ್ತು. "ಇಲ್ಲಿ ಕೃಷ್ಣನ ಪಕ್ಕದಲ್ಲೇ ಕಟ್ಟಿಡು. ಮುಂದಿನ ವರ್ಷ ನೀನೇ ಕೂರಿಸು. ಪಾಡ್ಯದ ದಿನ ಎಮ್ಮೆ ನೋಡೋಕೆ ಹೋಗ್ಬೇಡ."

ನಾನು ಮೂರು ಕಾಲಿಗೂ ಬೇರೆ ಬೇರೆಯಾಗಿ ಹತ್ತಿ ಸುತ್ತಿದೆ. ಒಂದೂ ಮುರಿಯಬಾರದು, ಓದು ಮುಗಿಯಲು ಇನ್ನೂ ಎರಡು ನವರಾತ್ರಿ ಬಾಕಿ ಇದ್ದವು.